ಹಾಸಿಗೆಯಕ್ಕನ ಮಗಳ ಪಥ್ಯ

ಮನೆಯೊಳಗೆ ಒಬ್ಬರು ಸೀನಿದರೆ ಸಾಕು, ಬೀದಿಯಲ್ಲಿ ಹತ್ತು ಜನ ವೈದ್ಯರು ಹುಟ್ಟಿಕೊಳ್ಳುತ್ತಾರೆ. ಹಾಸಿಗೆಯಕ್ಕನ ಮಗಳು ಸೀನತೊಡಗಿದಾಗ ಆದದ್ದೂ ಅದೇ.

ಹಾಸಿಗೆ, ದಿಂಬು ಹೊಲಿಯುವುದು ಅವಳ ಕಸುಬು. ಅದಕ್ಕೇ ಬೀದಿಗೆಲ್ಲ ಅವಳು ಹಾಸಿಗೆಯಕ್ಕ. ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಜನ ಗಂಟುಗಂಟಾದ ಹಳೆಯ ಹಾಸಿಗೆ ತಂದು ಹಾಕುತ್ತಿದ್ದರು. ಅವಳು ಹೊಲಿಗೆ ಬಿಚ್ಚಿ, ಹತ್ತಿಯನ್ನು ಕೋಲಿನಿಂದ ಬಡಿದು, ಹಿಂಜಿ, ಮತ್ತೆ ತುಂಬಿ, ಗೇಣುದ್ದದ ಸೂಜಿಯಲ್ಲಿ ಹೊಲಿದು ಕೊಡುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಅಡುಗೆ, ಊಟ, ನಿದ್ದೆ. ನಡುವೆ ಬಾಗಿಲಿಲ್ಲ, ಒಂದು ಪರದೆ ಮಾತ್ರ.

ಮಗಳಿಗೆ ಏಳು ವರ್ಷ. ನಿಂತಲ್ಲಿ ನಿಲ್ಲುವವಳಲ್ಲ ಎಂದು ಎಲ್ಲರೂ ಅವಳನ್ನು ಗಿರಗಿಟ್ಲೆ ಎನ್ನುತ್ತಿದ್ದರು. ಆ ಗಿರಗಿಟ್ಲೆಗೆ ಬೆಳಿಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು, ಕಣ್ಣಲ್ಲಿ ತುರಿಕೆ. ಆಮೇಲಾಮೇಲೆ ಎದೆಯೊಳಗೆ ಸಿಳ್ಳೆಯಂಥ ಸದ್ದು. ಡಾಕ್ಟರು ಪರೀಕ್ಷಿಸಿ, ಇದು ಅಲರ್ಜಿಯಿಂದ ಬರುವ ಉಬ್ಬಸ ಎಂದರು. ದಿನಾ ಎರಡು ಹೊತ್ತು ಎಳೆದುಕೊಳ್ಳಲು ಒಂದು ಪಂಪು, ಉಸಿರು ಕಟ್ಟಿದಾಗ ಎಳೆದುಕೊಳ್ಳಲು ಇನ್ನೊಂದು ನೀಲಿ ಪಂಪು ಕೊಟ್ಟರು.

"ಮನೇಲಿ ಧೂಳು ಜಾಸ್ತಿ ಇದ್ಯಾ?" ಎಂದು ಕೇಳಿದರು.

"ನಮ್ಮನೇಲಿ ಧೂಳಾ? ದಿನಕ್ಕೆ ಮೂರು ಸಲ ಗುಡಿಸ್ತೀನಿ ಸಾರ್" ಎಂದಳು ಹಾಸಿಗೆಯಕ್ಕ, ಸ್ವಲ್ಪ ಮುನಿಸಿನಿಂದಲೇ. ಸುಳ್ಳು ಹೇಳಲಿಲ್ಲ ಅವಳು. ಹತ್ತಿಯನ್ನು ಅವಳು ಯಾವತ್ತೂ ಧೂಳು ಎಂದುಕೊಂಡಿರಲಿಲ್ಲ. ಅದು ಅವಳಿಗೆ ಅನ್ನ.

ಎದುರುಮನೆಯಲ್ಲಿ ಗುಂಡಿ, ದಾರ, ಲೇಸು ಮಾರುವ ಗುಂಡಿಯಕ್ಕನಿಗೆ ಈ ಸುದ್ದಿ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಪಂಪಾ? ಬೇಡ ಕಣೇ! ಒಂದು ಸಲ ಶುರು ಮಾಡಿದ್ರೆ ಮುಗೀತು, ಮುದುಕಿ ಆದ್ರೂ ಬಿಡಲ್ಲ."

"ಡಾಕ್ಟರೇ ಹೇಳಿದಾರಲ್ಲಕ್ಕಾ."

"ಹೇಳ್ತಾರೆ, ಹೇಳದೆ ಇನ್ನೇನು ಮಾಡ್ತಾರೆ! ಇಲ್ಲಿ ನೋಡು."

ಫೋನಿನಲ್ಲಿ ಗಡ್ಡದ ಮನುಷ್ಯನೊಬ್ಬ ಮಾತಾಡುತ್ತಿದ್ದ. ಎಲ್ಲ ಅಲರ್ಜಿಗೂ ಹೊಟ್ಟೆಯೇ ಮೂಲವಂತೆ. ಆಹಾರ ಬಿಡಿ, ರೋಗ ತಾನಾಗಿ ನಿಮ್ಮನ್ನು ಬಿಡುತ್ತದೆ, ಇದೇ ಪ್ರಕೃತಿಯ ದಾರಿ ಎಂದ. ದನಿ ಎಷ್ಟು ತಣ್ಣಗಿತ್ತೆಂದರೆ ಹಾಸಿಗೆಯಕ್ಕನ ಅರ್ಧ ಭಯ ಅಲ್ಲೇ ಇಳಿಯಿತು. ಗುಂಡಿಯಕ್ಕ ಕೆಟ್ಟವಳಲ್ಲ. ಸಂಜೆಯ ಚಹಾ ಬಿಟ್ಟು ತನ್ನ ಹೊಟ್ಟೆಯುರಿ ಕಡಿಮೆ ಮಾಡಿಕೊಂಡಿದ್ದಳು. ಅಂದಿನಿಂದ ಲೋಕದ ಕಾಯಿಲೆಗೆಲ್ಲ ತಟ್ಟೆಯೇ ಕಾರಣ ಎಂಬುದು ಅವಳ ನಂಬಿಕೆ.

ಪಂಪುಗಳು ಬೀರುವಿನ ಮೇಲೇರಿದವು. ಪಥ್ಯ ಶುರುವಾಯಿತು.

ಮೊದಲು ಹಾಲು ನಿಂತಿತು. ಹದಿನೈದು ದಿನ ಕಳೆದರೂ ಸೀನು ನಿಲ್ಲಲಿಲ್ಲ. ಹಾಗಾದರೆ ಬಾಳೆಹಣ್ಣು ಇರಬೇಕು. ಅದೂ ಹೋಯಿತು. ಆಮೇಲೆ ಮೊಟ್ಟೆ, ಮೊಸರು, ಕಡಲೆಕಾಯಿ, ಟೊಮೆಟೊ. ಕೊನೆಗೆ ಉಳಿದದ್ದು ಗಂಜಿ, ಬೇಯಿಸಿದ ಸೋರೆಕಾಯಿ, ಮೇಲೊಂದು ಲೋಟ ಶುಂಠಿ ಕಷಾಯ. ಬಿಟ್ಟದ್ದು ಯಾವುದೂ ಮತ್ತೆ ತಟ್ಟೆಗೆ ಬರಲಿಲ್ಲ.

"ಮಗು ಏನು ತಿಂದು ಬದುಕಬೇಕು ಕಣೇ? ಗಾಳಿ ಕುಡಿಯೋಕೆ ಅದೇನು ಹಾವಾ?" ಎಂದ ಗಂಡ. ಅವನು ಗೂಡ್ಸ್ ಆಟೊ ಓಡಿಸುವವನು. ಬೆಳಿಗ್ಗೆ ಹೊರಟರೆ ಮನೆ ಸೇರುವುದು ಸಂಜೆಗೆ.

"ನೀವು ಸುಮ್ನಿರಿ. ಕಾಯಿಲೆ ಮಗು ಜೊತೆ ದಿನವೆಲ್ಲ ಇರೋಳು ನಾನು."

ಗಂಡ ಸುಮ್ಮನಾದ. ಸುಮ್ಮನಾಗಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡ.

ಮಗಳು ಬಡವಾದಳು. ಓಡುತ್ತಿದ್ದವಳು ನಡೆಯತೊಡಗಿದಳು, ಕುಳಿತವಳು ಏಳಲು ಗೋಡೆ ಹಿಡಿದಳು. ತನ್ನ ಕೈಲಾದದ್ದನ್ನು ಮಾಡಲು ಹೊರಟಳು ಹಾಸಿಗೆಯಕ್ಕ. ಅವಳ ಕಸುಬಿನಲ್ಲಿ ಒಂದು ಮಾತಿದೆ: ಹೊಸ ಹತ್ತಿ ಬಿರುಸು, ಹತ್ತು ವರ್ಷ ಮೈ ಹೊತ್ತ ಹತ್ತಿ ಬೆಣ್ಣೆ. ಗಿರಾಕಿಗಳ ಹಾಸಿಗೆ ಮತ್ತೆ ತುಂಬುವಾಗ ಮಿಕ್ಕುವ ಹಿಡಿ ಹಿಡಿ ಹಳೆಯ ಹತ್ತಿ ಹೊಲಿದವರಿಗೇ ಸೇರಬೇಕೆಂಬುದು ವಾಡಿಕೆ. ವರ್ಷಗಳಿಂದ ಮೂಟೆ ಕಟ್ಟಿಟ್ಟಿದ್ದ ಆ ಬೆಣ್ಣೆಯಂಥ ಹತ್ತಿಯನ್ನೆಲ್ಲ ತುಂಬಿ, ಮಗಳಿಗೊಂದು ಗೇಣು ದಪ್ಪದ ಹಾಸಿಗೆ ಹೊಲಿದಳು. ಅಂಚಿಗೆ ಗುಂಡಿಯಕ್ಕ ಕೊಟ್ಟ ಹಳದಿ ಲೇಸು ಹಚ್ಚಿದಳು. ಉಬ್ಬಸ ಜಾಸ್ತಿಯಾದ ದಿನ ಮಗಳಿಗೆ ಶಾಲೆ ಬಿಡಿಸಿ, ಆ ಹಾಸಿಗೆಯಲ್ಲಿ ಮಲಗಿಸಿ, ಕಿಟಕಿ ಮುಚ್ಚಿ, ಪರದೆಯಾಚೆ ಕುಳಿತು ಹತ್ತಿ ಬಡಿಯುತ್ತಿದ್ದಳು. ಮಲಗಿದಷ್ಟೂ ಸಿಳ್ಳೆ ಹೆಚ್ಚಿತು. ಸಿಳ್ಳೆ ಹೆಚ್ಚಿದಷ್ಟೂ ಮಗಳನ್ನು ಮಲಗಿಸಿದಳು.

ನಡುವೆ ಒಮ್ಮೆ ಗಂಡನ ತಂಗಿ ಬಂದು ಹುಡುಗಿಯನ್ನು ಒಂದು ವಾರ ತನ್ನ ಮನೆಗೆ ಕರೆದುಕೊಂಡು ಹೋದಳು. ಗಿರಗಿಟ್ಲೆ ಮರಳಿದಾಗ ಕೆನ್ನೆಯಲ್ಲಿ ಬಣ್ಣವಿತ್ತು, ಎದೆಯಲ್ಲಿ ಸದ್ದಿರಲಿಲ್ಲ. "ನೀರು ಬದಲಾಯ್ತಲ್ಲ, ಅದಕ್ಕೇ" ಎಂದಳು ಗುಂಡಿಯಕ್ಕ. ಹೌದಿರಬೇಕು ಎಂದುಕೊಂಡಳು ಇವಳು. ಮೂರೇ ದಿನದಲ್ಲಿ ಸಿಳ್ಳೆ ಮತ್ತೆ ಬಂತು.

ಪಥ್ಯಕ್ಕೆ ಎಂಟು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಪರದೆಯ ಹಿಂದಿನಿಂದ "ಅಮ್ಮ" ಎಂಬ ದನಿ ಕೇಳಿತು. ಒಂದೇ ಸಲ. ಹಾಸಿಗೆಯಕ್ಕ ಕೋಲು ಬಿಟ್ಟು ಒಳಗೋಡಿದಳು. ಮಗಳು ಎದ್ದು ಕುಳಿತು ಎರಡೂ ಕೈ ಮೊಣಕಾಲಿಗೆ ಊರಿದ್ದಳು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಹೋಗುತ್ತಿತ್ತು. ತುಟಿ ನೀಲಿಗಟ್ಟುತ್ತಿತ್ತು. ಕಷಾಯ ಕುಡಿಸಲು ಹೋದರೆ ಅದು ಗಲ್ಲದ ಮೇಲಿಂದ ಇಳಿದುಹೋಯಿತು.

ಹಾಸಿಗೆಯಕ್ಕನ ಕಿರುಚಾಟ ಕೇಳಿ ಬಂದ ಗುಂಡಿಯಕ್ಕ ಬೀದಿಯ ಕೊನೆಯ ಆರೋಗ್ಯ ಕೇಂದ್ರಕ್ಕೆ ಬರಿಗಾಲಲ್ಲೇ ಓಡಿದಳು. ನರ್ಸಮ್ಮ ಬಂದವಳೇ ಕೇಳಿದ್ದು ಒಂದೇ ಮಾತು.

"ನೀಲಿ ಪಂಪ್ ಎಲ್ಲಿ?"

ಬೀರುವಿನ ಮೇಲೆ ಬಟ್ಟೆಯ ಸುರುಳಿಗಳಿದ್ದವು, ಅವುಗಳ ಹಿಂದೆ ಹಳೆಯ ಡಬ್ಬಗಳು. ಹಾಸಿಗೆಯಕ್ಕ ಕುರ್ಚಿ ಹತ್ತಿ ಒಂದೊಂದನ್ನೇ ಎಳೆದು ಕೆಳಗೆ ಎಸೆದಳು. ಸಿಗಲಿಲ್ಲ. ಇನ್ನೊಂದು ಎಳೆದಳು. ಸಿಗಲಿಲ್ಲ. ಬೆನ್ನ ಹಿಂದೆ ಮಗಳ ಉಸಿರು ಕೇಳುತ್ತಿತ್ತು. ಆ ಎರಡು ನಿಮಿಷ ಅವಳ ಬಾಳಿನ ಉಳಿದೆಲ್ಲ ನಿಮಿಷಗಳಿಗಿಂತ ಉದ್ದ.

ಸಿಕ್ಕಿತು. ನರ್ಸಮ್ಮ ಅದನ್ನು ತನ್ನ ಚೀಲದಲ್ಲಿದ್ದ ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ ಹುಡುಗಿಯ ಬಾಯಿಗಿಟ್ಟು, "ನಿಧಾನ ಪುಟ್ಟ, ಎಳ್ಕೋ, ಇನ್ನೊಂದು" ಎನ್ನುತ್ತ ಔಷಧಿ ಕೊಟ್ಟಳು. ಅಷ್ಟರಲ್ಲಿ ಅವಳು ಹೊರಡುವಾಗಲೇ ಕರೆದಿದ್ದ ಆಂಬುಲೆನ್ಸ್ ಬಂತು.

"ಪಂಪ್ ದಿನಾ ಕೊಡ್ತಿದ್ರಾ?" ದಾರಿಯಲ್ಲಿ ಕೇಳಿದಳು ನರ್ಸಮ್ಮ.

"ಹೂಂ, ಕೊಡ್ತಾನೇ ಇದ್ದೆ."

ನರ್ಸಮ್ಮ ಹೊರಡುವಾಗ ಇನ್ನೊಂದು ಪಂಪನ್ನೂ ಕೈಗೆತ್ತಿಕೊಂಡಿದ್ದಳು. ಅದರ ಬೆನ್ನಿನಲ್ಲಿ ಇನ್ನೆಷ್ಟು ಸಲಕ್ಕೆ ಔಷಧಿ ಉಳಿದಿದೆ ಎಂದು ತೋರಿಸುವ ಅಂಕಿ ಇರುತ್ತದೆ. ನೋಡಿದಳು. ಅಂಕಿ ಕದಲಿರಲೇ ಇಲ್ಲ. ಪಂಪನ್ನು ತಿರುಗಿಸಿ ಹಾಸಿಗೆಯಕ್ಕನಿಗೂ ತೋರಿಸಿದಳು. ಅವಳು ಬೈದಿದ್ದರೂ ಹಾಸಿಗೆಯಕ್ಕನಿಗೆ ಅಷ್ಟು ನೋಯುತ್ತಿರಲಿಲ್ಲವೇನೋ.

ಮೂರು ದಿನ ಆಸ್ಪತ್ರೆ. ಮಗಳು ಉಳಿದಳು. ತೂಕ ನೋಡಿದ ಡಾಕ್ಟರು ಮಾತ್ರ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದರು. ಎಂಟು ತಿಂಗಳಲ್ಲಿ ಏರಬೇಕಾಗಿದ್ದ ತೂಕ ಎರಡು ಕಿಲೋ ಇಳಿದಿತ್ತು.

ಮನೆಗೆ ಬಂದ ಮರುದಿನ ನರ್ಸಮ್ಮ ನೋಡಲು ಬಂದಳು. ಗುಂಡಿಯಕ್ಕನೂ ಬಂದು ಹೊಸ್ತಿಲಲ್ಲೇ ಕುಳಿತಳು.

"ನರ್ಸಮ್ಮ, ಇನ್ನೇನು ಬಿಡಿಸ್ಬೇಕು ಹೇಳಿ. ಗಂಜೀನೂ ಆಗಲ್ವೇನೋ ಇವಳಿಗೆ" ಎಂದಳು ಹಾಸಿಗೆಯಕ್ಕ.

ನರ್ಸಮ್ಮ ಹುಡುಗಿಯ ಕಡೆ ತಿರುಗಿದಳು. "ಅತ್ತೆ ಮನೇಲಿ ಆರಾಮಾಗಿದ್ಯಂತೆ, ಅಪ್ಪ ಹೇಳಿದ್ರು. ಅಲ್ಲಿ ಏನು ತಿಂದೆ?"

ಹುಡುಗಿ ಅಮ್ಮನ ಮುಖ ನೋಡಿದಳು. "ಹೇಳಬೇಡ ಅಂದಿದ್ರು ಅತ್ತೆ."

"ನಂಗೆ ಹೇಳ್ಬಹುದು. ಅಮ್ಮ ಬೈಯಲ್ಲ."

"ಎಲ್ಲಾ ತಿಂದೆ. ದಿನಾ ಮೊಟ್ಟೆ. ಹಾಲು. ಬಾಳೆಹಣ್ಣು ಎರಡು." ಸ್ವಲ್ಪ ತಡೆದು, "ಒಂದಿನ ಮೂರು" ಎಂದಳು.

ನರ್ಸಮ್ಮ ಎದ್ದು ಹಳದಿ ಲೇಸಿನ ಹಾಸಿಗೆಯ ಹತ್ತಿರ ಹೋಗಿ ಅಂಗೈಯಿಂದ ಒಂದು ಏಟು ಹಾಕಿದಳು. ಕಿಟಕಿಯಿಂದ ಬೀಳುತ್ತಿದ್ದ ಬಿಸಿಲುಕೋಲಿನಲ್ಲಿ ಹೊಗೆಯಂತೆ ಧೂಳೆದ್ದಿತು. ನಿಧಾನವಾಗಿ ತೇಲಿತು, ಇಳಿಯಲೇ ಇಲ್ಲ.

"ಇದರಲ್ಲಿ ಯಾವ ಹತ್ತಿ ಅಕ್ಕಾ?"

"ಹಳೇದು. ನಾನೇ... ಒಳ್ಳೇದು ಅಂತ ಆರಿಸಿ ಆರಿಸಿ..." ಹಾಸಿಗೆಯಕ್ಕನ ಮಾತು ಅಲ್ಲಿಗೇ ನಿಂತಿತು. ಅವಳಿಗೆ ತಿಳಿದುಹೋಗಿತ್ತು.

"ಹಳೇ ಹಾಸಿಗೇಲಿ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳುಹುಳ ಇರ್ತಾವೆ. ಕಚ್ಚಲ್ಲ, ಆದ್ರೆ ಅವುಗಳ ಹಿಕ್ಕೆಯ ಧೂಳು ಅಲರ್ಜಿ ಇರೋರ ಎದೆಗೆ ಹೋದ್ರೆ ಉಸಿರಿನ ಕೊಳವೆ ಬಿಗಿಯುತ್ತೆ. ನೀವು ಬಡಿಯೋ ಹತ್ತಿ ಪುಡಿ ಬೇರೆ ಅದಕ್ಕೆ ಸೇರಿತು. ಅದರ ಮೇಲೇ ಇವಳನ್ನ ಮಲಗಿಸಿ, ಕಿಟಕಿ ಮುಚ್ಚಿ, ಊಟ ಕಿತ್ಕೊಂಡ್ರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು."

"ಮತ್ತೆ ಪ್ರಕೃತಿ ದಾರಿ ಅಂತಾರಲ್ಲಾ ನರ್ಸಮ್ಮ? ಅದೆಲ್ಲ ಸುಳ್ಳಾ?" ಗುಂಡಿಯಕ್ಕನ ದನಿಯಲ್ಲಿ ಹಳೆಯ ಗತ್ತು ಇರಲಿಲ್ಲ.

"ಯಾಕೆ ಸುಳ್ಳು? ಬಿಸಿಲು, ಗಾಳಿ, ಬಿಸಿನೀರು, ಇವೆಲ್ಲ ಪ್ರಕೃತಿ ಅಲ್ವಾ? ಹೊದಿಕೆ, ದಿಂಬಿನ ಚೀಲ ವಾರಕ್ಕೊಂದು ಸಲ ಕೈ ಸುಡೋ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಣ ಪೊರಕೇಲಿ ಗುಡಿಸಿದ್ರೆ ಧೂಳು ಜಾಗ ಬದಲಾಯಿಸುತ್ತೆ ಅಷ್ಟೇ, ಒದ್ದೆ ಬಟ್ಟೇಲಿ ಒರೆಸಿ. ಮನೇಲಿ ಹೊಗೆ ಬೇಡ. ಶುಂಠಿ ಕಷಾಯ ಗಂಟಲಿಗೆ ಹಿತ, ಬೆಚ್ಚಗೆ ಕುಡೀಲಿ. ಆದ್ರೆ ಬಿಗಿದ ಉಸಿರನ್ನ ಅದು ಬಿಡಿಸಲ್ಲ, ಪಂಪೇ ಬೇಕು. ಪಂಪು ಚಟ ಅಲ್ಲಕ್ಕಾ. ಕನ್ನಡಕ ಹಾಕ್ಕೊಳ್ಳೋದನ್ನ ಚಟ ಅಂತೀವಾ?"

"ಊಟ?" ಎಂದಳು ಹಾಸಿಗೆಯಕ್ಕ.

"ಮೊದಲು ತಿಂದಾಗ ಯಾವತ್ತಾದ್ರೂ ಮೈಮೇಲೆ ದದ್ದು ಎದ್ದಿತ್ತಾ? ತುಟಿ ಊದಿತ್ತಾ?"

"ಇಲ್ಲ. ಒಂದು ಸಲಾನೂ ಇಲ್ಲ."

"ಕೆಲವು ಮಕ್ಕಳಿಗೆ ನಿಜವಾಗ್ಲೂ ಊಟದಿಂದ ಅಲರ್ಜಿ ಬರುತ್ತೆ, ಇಲ್ಲ ಅನ್ನಲ್ಲ. ಅದನ್ನ ಡಾಕ್ಟರು ಪರೀಕ್ಷೆ ಮಾಡಿ ಹೇಳ್ತಾರೆ. ಫೋನಲ್ಲಿರೋ ಗಡ್ಡದವರು ನಿಮ್ಮ ಮಗೂನ ನೋಡೇ ಇಲ್ವಲ್ಲ!"

ಗುಂಡಿಯಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. "ನಂದೇ ತಪ್ಪು ಕಣೇ" ಎಂದಳು. ಹಾಸಿಗೆಯಕ್ಕ ತಲೆಯಾಡಿಸಿದಳು. "ನೀನು ಹೇಳಿದೆ. ಮಾಡಿದೋಳು ನಾನು."

ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ತೋಳಿನ ಚರ್ಮದ ಮೇಲೆ ಒಂದೊಂದರ ಹನಿ ಬಿಟ್ಟು, ಸಣ್ಣಗೆ ಚುಚ್ಚಿ ಪರೀಕ್ಷೆ ಮಾಡಿದರು. ಊಟದ ಪದಾರ್ಥ ಯಾವುದಕ್ಕೂ ಏನೂ ಆಗಲಿಲ್ಲ. ಧೂಳುಹುಳದ ಹನಿ ಬಿದ್ದ ಕಡೆ ಮಾತ್ರ ಕೆಂಪಗೆ ಊದಿತು.

ಹಳದಿ ಲೇಸಿನ ಹಾಸಿಗೆಯನ್ನು ಗಂಡ ಮನೆಯಿಂದಾಚೆ ಸಾಗಿಸಿದ. ಹಿತ್ತಲಿನಲ್ಲಿ ತಗಡು ಹೊದಿಸಿ ಕೆಲಸಕ್ಕೊಂದು ಬೇರೆ ಜಾಗ ಮಾಡಿಕೊಟ್ಟ. ಹಾಸಿಗೆಯಕ್ಕ ಈಗ ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡೇ ಹತ್ತಿ ಬಡಿಯುತ್ತಾಳೆ. ಮಗಳು ಶಾಲೆಯಿಂದ ಓಡಿಬಂದರೆ ತಬ್ಬಿಕೊಳ್ಳುವಂತಿಲ್ಲ. "ತಡಿ ಮಗಳೇ, ಸ್ನಾನ ಮಾಡಿ ಬಟ್ಟೆ ಬದಲಾಯಿಸ್ತೀನಿ" ಎನ್ನಬೇಕು. ಮಗಳು ಬಚ್ಚಲ ಬಾಗಿಲಲ್ಲಿ ಕಾಯುತ್ತಾಳೆ. ಎರಡು ಹೊತ್ತು ಪಂಪು ತಪ್ಪುವುದಿಲ್ಲ. ಸಿಳ್ಳೆ ಕೇಳಿ ಎಷ್ಟೋ ದಿನವಾಯಿತು.

ಹೋದ ತೂಕವೂ ಸ್ವಲ್ಪ ಸ್ವಲ್ಪವಾಗಿ ಬರುತ್ತಿದೆ. ಬಾರದ್ದು ಇನ್ನೊಂದಿದೆ. ಮೊದಲೆಲ್ಲ ಅಪ್ಪನ ತಟ್ಟೆಗೇ ಕೈ ಹಾಕಿ ಕಸಿದು ತಿನ್ನುತ್ತಿದ್ದ ಹುಡುಗಿ ಅವಳು. ಮೊನ್ನೆ ಬೆಳಿಗ್ಗೆ ತಾಯಿ ಬೇಯಿಸಿದ ಮೊಟ್ಟೆ ಸುಲಿದು ಕೊಟ್ಟಾಗ ಅಂಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕುಳಿತಳು.

"ಯಾಕೆ ಕಂದ? ತಿನ್ನು."

"ತಿಂದ್ರೆ ಏನೂ ಆಗಲ್ವಾ ಅಮ್ಮ?"

"ಏನೂ ಆಗಲ್ಲ."

"ನಿಜವಾಗ್ಲೂ? ಮುಂಚೆ ನೀನೇ ಆಗುತ್ತೆ ಅಂದಿದ್ದೆ."

ಮಗಳು ಒಂದು ಚೂರು ಮುರಿದು ಬಾಯಿಗಿಟ್ಟು, ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರೆಳೆದು ನೋಡಿದಳು. ಆಮೇಲೆ ಇನ್ನೊಂದು ಚೂರು. ದಿನವೂ ಹೀಗೇ, ಪ್ರತಿ ತುತ್ತಿಗೂ ಒಂದು ಪರೀಕ್ಷೆ. ಇದು ಎಂದು ಹೋಗುತ್ತದೋ ಯಾವ ಡಾಕ್ಟರೂ ಹೇಳಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸೀನುವ, ಕೆಮ್ಮುವ ಮಗು ಇರಬಹುದು. ಅದರ ತಟ್ಟೆಯಿಂದ ಏನನ್ನಾದರೂ ತೆಗೆಯುವ ಮೊದಲು ಅದು ಮಲಗುವ ಜಾಗ ನೋಡಿ, ಉಸಿರಾಡುವ ಗಾಳಿ ನೋಡಿ, ನಿಮ್ಮ ಕಸುಬಿನ ಧೂಳು ನೋಡಿ. ಯಾವುದೋ ಪದಾರ್ಥ ತಿಂದಾಗ ಮೈ ಊದಿದರೆ, ದದ್ದು ಎದ್ದರೆ, ಅದನ್ನು ಮತ್ತೆ ತಿನ್ನಿಸಿ ಮನೆಯಲ್ಲೇ ಪರೀಕ್ಷೆ ಮಾಡಬೇಡಿ, ಡಾಕ್ಟರಿಗೆ ತೋರಿಸಿ. ಕೊಟ್ಟ ಪಂಪನ್ನು ಕೈಗೆಟುಕುವಲ್ಲಿ ಇಡಿ, ಅವರನ್ನು ಕೇಳದೆ ನಿಲ್ಲಿಸಬೇಡಿ. ಪಕ್ಕೆ ಒಳಕ್ಕೆ ಹೋದರೆ, ಮಾತಾಡಲು ಉಸಿರು ಸಾಲದಾದರೆ, ತುಟಿ ನೀಲಿಯಾದರೆ, ಮುಖ ಗಂಟಲು ಊದಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೊರಡಿ. ಗೊತ್ತಿಲ್ಲದಿದ್ದರೆ ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ. ಮಕ್ಕಳು ನಾವು ಹೇಳಿದ್ದನ್ನೆಲ್ಲ ನಂಬುತ್ತಾರೆ. ನಾವು ತಿಳಿದುಕೊಂಡೇ ಹೇಳಬೇಕು.