ತುಟಿ ನೋಡುವ ಅತ್ತೆ

ಗಾಜಿನ ಮೇಜಿನ ಮೇಲೆ ಸಾಲಾಗಿ ಮಲಗಿದ ಫೋನುಗಳು, ಎಲ್ಲದರಲ್ಲೂ ಮೇಲಿನ ಒಂದೇ ದೀಪ ಮಿನುಗುತ್ತಿದೆ, ಅಂಗಡಿಯವನು ಅಂಗಿಯ ತೋಳಿನಿಂದಲೇ ಒಂದನ್ನು ಒರೆಸಿ ಕೈಗಿಡುತ್ತಾನೆ, ಇದೇ ಲೇಟೆಸ್ಟು ಮೇಡಂ, ಸ್ವಲ್ಪ ದಿನ ತಡೆದ್ರೆ ಇದರಪ್ಪನಂಥದ್ದು ಬರುತ್ತೆ — ತಡೆಯುವುದು ಎಲ್ಲಿಂದ ಬಂತು, ವಾರಗಿತ್ತಿಯ ಫೋನು ಮನೆಗೆ ಬಂದಂದಿನಿಂದ ನನ್ನ ಹೊಟ್ಟೆಯಲ್ಲಿ ಒಲೆ ಆರಿಲ್ಲ. ನನ್ನ ಹಳೆಯದಕ್ಕೆ ಏನಾಗಿದೆ, ಮೂಲೆಯಲ್ಲೊಂದು ಬಿರುಕು, ಅಷ್ಟೇ, ಆದರೆ ಅವಳದು ಬರೆಯುತ್ತದೆ, ನಾವು ಆಡಿದ ಮಾತನ್ನು ದಪ್ಪ ಅಕ್ಷರದಲ್ಲಿ ಬರೆದು ತೋರಿಸುತ್ತದೆ, ನೋಡಿ ಅಕ್ಕ, ಇನ್ಮೇಲೆ ಅತ್ತೆಗೆ ಯಾರ ಹಂಗೂ ಬೇಡ ಅಂದಳು ಮೊದಲ ದಿನವೇ, ಯಾರ ಹಂಗು, ನನ್ನದೇ ತಾನೇ, ಜ್ವರ ಬಂದು ಅತ್ತೆಯ ಕಿವಿ ಹೋದಾಗ ಅವಳು ಈ ಮನೆಗೆ ಬಂದೇ ಇರಲಿಲ್ಲ, ಗಂಡ, ಮೈದುನ ಇಬ್ಬರೂ ಕೂಗಿ ಕೂಗಿ ಸುಸ್ತಾಗಿ ಕೈಬಿಟ್ಟರು, ನಾನು ಮಂಡಿಗೆ ಮಂಡಿ ತಾಗಿಸಿ ಕುಳಿತು ನಿಧಾನವಾಗಿ ತುಟಿ ಆಡಿಸಿದೆ, ಅತ್ತೆ ನನ್ನ ತುಟಿ ನೋಡುವುದನ್ನು ಕಲಿತರು, ಕೂಸು ತಾಯಿಯ ಮುಖ ನೋಡುತ್ತದಲ್ಲ, ಹಾಗೆ, ರೆಪ್ಪೆ ಬಡಿಯದೆ. ದಿನವಿಡೀ ಹಲ್ಲಿನ ಡಾಕ್ಟರ ಪಕ್ಕ ಮಾಸ್ಕ್ ಹಾಕಿಕೊಂಡು, ಜೊಲ್ಲು ಹೀರುವ ಕೊಳವೆ ಹಿಡಿದು ನಿಲ್ಲುವವಳು ನಾನು, ಊರವರ ಬಾಯೆಲ್ಲ ನಾನು ನೋಡುತ್ತೇನೆ, ನನ್ನ ಬಾಯಿ ಯಾರೂ ನೋಡುವುದಿಲ್ಲ, ಸಂಜೆ ಮನೆಗೆ ಬಂದು ಮಾಸ್ಕ್ ತೆಗೆದರೆ ಅತ್ತೆಯ ಕಣ್ಣು ಅಲ್ಲೇ ಬಂದು ಕೂರುತ್ತಿತ್ತು. ತಪ್ಪೂ ಆಗುತ್ತಿತ್ತು, ಮಳೆ ಬರೋ ಹಾಗಿದೆ ಅತ್ತೆ ಅಂದರೆ, ಬಳೆ ಯಾಕೀಗ, ಇರೋದೇ ಸಾಕು ಅನ್ನುತ್ತಿದ್ದರು, ಮಳೆಗೂ ಬಳೆಗೂ ತುಟಿ ಕೂಡುವುದು ಒಂದೇ ಥರ, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆವು, ವಾರಗಿತ್ತಿ ಬಾಗಿಲಲ್ಲಿ ನಿಂತು ಏನಾಯ್ತಕ್ಕ ಅಂದರೆ, ಏನಿಲ್ಲ ಬಿಡು ಅನ್ನುತ್ತಿದ್ದೆ — ಈಗ ಬಾಗಿಲಲ್ಲಿ ನಿಲ್ಲುವವಳು ನಾನು, ಅಲ್ಲಿಂದ ಕಾಣುವುದು ಅತ್ತೆಯ ಬಗ್ಗಿದ ತಲೆ, ಬೆಳ್ಳಗಿನ ಬೈತಲೆ, ಮಡಿಲಲ್ಲಿ ಅವಳ ಫೋನಿನ ಬೆಳಕು.

ನೀವೇ ಮಾತಾಡಿ ನೋಡಿ ಮೇಡಂ, ಅಂಗಡಿಯವನು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿಯುತ್ತಾನೆ, ಮಳೆ ಅನ್ನುತ್ತೇನೆ, ಮಳೆ ಎಂದೇ ಬರೆಯುತ್ತದೆ, ಬಳೆ ಅಂದರೆ ಬಳೆ, ಹಾಳಾದ್ದು, ಒಂದು ತಪ್ಪಿಲ್ಲ, ಆಮೇಲೆ ತಾನಾಗಿ ಬಾಯಿಗೆ ಬಂತು, ಮನೆಗೆ ಮೊದಲು ಬಂದವಳು ನಾನು ಅತ್ತೆ, ಅಕ್ಷರಗಳು ಒಂದೊಂದಾಗಿ ಮೂಡಿದವು, ಅಂಗಡಿಯವನು ಓದಿ, ಕೆಮ್ಮಿ, ಅಳಿಸಿದ, ಅತ್ತೆಗೆ ತಗೊಳ್ತಿದೀರಾ ಅಂದ. ಅಲ್ಲ, ನನಗೆ. ಬೇಡವೆಂದು ಎದ್ದು ಹೋಗಬಹುದು, ಹೋದರೆ ಅತ್ತೆ ಅವಳ ಮಗ್ಗುಲಿಗೇ ಅಂಟಿಕೊಂಡಿರುತ್ತಾರೆ, ನಿನ್ನೆ ಎದುರು ಕುಳಿತು ಕಾಲು ನೋವು ಹೇಗಿದೆ ಅಂದರೆ, ಮುಖ ಕೂಡ ನೋಡದೆ, ತಡಿ ಕಣೇ, ಚಿಕ್ಕವಳು ಬರ್ಲಿ, ಅದರಲ್ಲಿ ಹೇಳು, ಸರಿಯಾಗಿ ಗೊತ್ತಾಗುತ್ತೆ ಅಂದರಲ್ಲ, ಇಷ್ಟು ವರ್ಷ ಸರಿಯಾಗಿ ಗೊತ್ತೇ ಆಗಲಿಲ್ಲವೇ — ಪರದೆ ಇದಕ್ಕಿಂತ ದೊಡ್ಡದಿದೆಯಾ, ಇದೆ ಮೇಡಂ, ಅಕ್ಷರ ಇನ್ನೂ ದಪ್ಪ ಬರುತ್ತಾ, ಬರುತ್ತೆ, ಹಾಗಾದ್ರೆ ಅದನ್ನೇ ಕೊಡಿ, ಅಂದೆ, ಅಂದೇಬಿಟ್ಟೆ, ಅವಳ ಮುಖ ಸಣ್ಣಗಾಗುವುದನ್ನು ನೋಡಬೇಕು, ಸಂಜೆ ಅತ್ತೆಯೆದುರು ಕುಳಿತು ಇದನ್ನು ಅವರ ಕೈಗಿಡುತ್ತೇನೆ, ನಾನು ಮಾತಾಡುತ್ತೇನೆ, ಒಂದು ಮಾತೂ ತಪ್ಪದೆ ತಿಳಿಯುತ್ತದೆ, ಅವರು ಓದುತ್ತಾರೆ, ಓದಲು ತಲೆ ಬಗ್ಗಿಸುತ್ತಾರೆ — ಕವರ್ ಯಾವ ಬಣ್ಣ ಹಾಕ್ಲಿ ಮೇಡಂ — ತಲೆ ಬಗ್ಗಿಸುತ್ತಾರೆ, ನನ್ನೆದುರೂ, ಬೆಳ್ಳಗಿನ ಬೈತಲೆ, ಯಾವ ಬಣ್ಣ ಮೇಡಂ, ಬೈತಲೆ