ಐದನೆಯ ಪುಟದ ಮೂರನೆಯ ಸಾಲು

ಕಿರ್ಸ್ಟೆನ್ ಲುಂಡ್ ಅರವತ್ತೆಂಟನೆಯ ವಯಸ್ಸಿನಲ್ಲಿ ಗಣಿತ ಕಲಿಸಲು ದೋಹಾಕ್ಕೆ ಹೊರಟಾಗ ಡೆನ್ಮಾರ್ಕಿನ ಗೆಳೆಯರೆಲ್ಲ ನಕ್ಕಿದ್ದರು. ನಿವೃತ್ತಿಯಾದವರು ಯಾರಾದರೂ ಮರಳುಗಾಡಿಗೆ ಹೋಗುತ್ತಾರೆಯೇ ಎಂದು ಕೇಳಿದವರಿಗೆ ಆಕೆ, "ನನಗಿನ್ನೂ ವಿದ್ಯಾರ್ಥಿಗಳು ಬೇಕು" ಎಂದಷ್ಟೇ ಹೇಳಿ ಸೂಟ್‌ಕೇಸು ತುಂಬಿದರು.

ಆಕೆಯ ತಂದೆ ಹಳ್ಳಿಗಳಿಂದ ಡೇರಿಗೆ ಹಾಲು ತರುವ ಲಾರಿ ಓಡಿಸುತ್ತಿದ್ದರು. ಹನ್ನೆರಡನೆಯ ವಯಸ್ಸಿನಲ್ಲಿ ಕಿರ್ಸ್ಟೆನ್ ಆ ಹಳ್ಳಿಗಳನ್ನು ಚುಕ್ಕೆಗಳಾಗಿ, ರಸ್ತೆಗಳನ್ನು ಗೆರೆಗಳಾಗಿ ಬರೆದು, ಬಂದ ರಸ್ತೆಯಲ್ಲೇ ಮತ್ತೆ ಹೋಗಬೇಕಿಲ್ಲದ ದಾರಿಯೊಂದನ್ನು ಹುಡುಕಿಕೊಟ್ಟರು. ಮರುದಿನ ತಂದೆ ಅರ್ಧ ಗಂಟೆ ಮುಂಚೆಯೇ ಮನೆಗೆ ಬಂದರು. ಹೀಗೆ ಚುಕ್ಕೆ ಗೆರೆಗಳನ್ನು ಇಟ್ಟುಕೊಂಡು ಯೋಚಿಸುವುದಕ್ಕೆ ಗ್ರಾಫ್ ಥಿಯರಿ ಎಂಬ ಹೆಸರಿದೆಯೆಂದು ಆಕೆಗೆ ತಿಳಿದದ್ದು ಕಾಲೇಜು ಸೇರಿದ ಮೇಲೆ. ಇಪ್ಪತ್ತೆಂಟರಲ್ಲಿ ಆಕೆ ಒಂದು ಪ್ರಮೇಯ ಸಾಧಿಸಿದರು. ಒಂದು ಬಗೆಯ ಜಾಲದಲ್ಲಿ ಎಷ್ಟೇ ಚುಕ್ಕೆಗಳಿರಲಿ, ಎರಡೇ ಸುತ್ತಿನಲ್ಲಿ ಎಲ್ಲವನ್ನೂ ಮುಟ್ಟಿ ಬರಬಹುದು ಎಂಬುದು ಅದರ ತಿರುಳು. ಹೆಸರು ಬಂತು, ಪ್ರೊಫೆಸರ್ ಹುದ್ದೆ ಬಂತು. ಮದುವೆಯಾದರು, ಮಗಳನ್ನು ಬೆಳೆಸಿದರು, ಗಂಡನನ್ನು ಕಳೆದುಕೊಂಡರು. ಪಾಠವನ್ನು ಮಾತ್ರ ಯಾವತ್ತೂ ಬಿಡಲಿಲ್ಲ.

ದೋಹಾದ ವಿಶ್ವವಿದ್ಯಾಲಯದಲ್ಲಿ ಆಕೆ ಶನಿವಾರ ಬೆಳಿಗ್ಗೆ ಒಂದು ತರಗತಿ ಶುರುಮಾಡಿದರು. ಯಾರು ಬೇಕಾದರೂ ಬಂದು ಕೂರಬಹುದಿತ್ತು. ಹಾಗೆ ಬಂದವಳು ನೀಲಗಂಗಾ ಹಿರೇಮಠ. ಮುದ್ದೇಬಿಹಾಳದವಳು, ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದವಳು. ಗಂಡ ಕಲ್ಮೇಶ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಸೂಪರ್‌ವೈಸರ್. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಫ್ಲ್ಯಾಟಿನಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತ ಆರು ವರ್ಷ ಕಳೆದಿದ್ದಳು.

ಆರನೆಯ ಶನಿವಾರ ಕಿರ್ಸ್ಟೆನ್ ತಮ್ಮದೇ ಪ್ರಮೇಯವನ್ನು ಪಾಠ ಮಾಡಿ, ಹಳೆಯ ಪ್ರಬಂಧದ ಪ್ರತಿಯನ್ನು ಎಲ್ಲರಿಗೂ ಹಂಚಿದರು. ನೀಲಗಂಗಾ ಅದನ್ನು ಮನೆಗೆ ಒಯ್ದು ಸಾಲು ಸಾಲಾಗಿ ಓದಿದಳು. ಐದನೆಯ ಪುಟದ ಮೂರನೆಯ ಸಾಲಿಗೆ ಬಂದು ನಿಂತಳು. 'ಈ ಎರಡು ದಾರಿಗಳು ನಡುವೆ ಎಲ್ಲೂ ಕೂಡುವುದಿಲ್ಲ' ಎಂದಿತ್ತು. ಯಾಕೆ ಕೂಡುವುದಿಲ್ಲ? ಅವಳು ಹದಿನಾಲ್ಕು ಚುಕ್ಕೆಗಳ ಒಂದು ಚಿತ್ರ ಬರೆದಳು. ಅದರಲ್ಲಿ ಆ ದಾರಿಗಳು ಕೂಡುತ್ತಿದ್ದವು.

ಸೋಮವಾರ ಕಲ್ಮೇಶನೇ ಕೇಳಿದ. "ಯಾಕ, ಎರಡ ದಿನದಿಂದ ಊಟಾನೂ ಸರಿಯಾಗಿ ಮಾಡವಲ್ಲಿ?"

"ಮೇಡಂ ಬರದದ್ದರಾಗ ತಪ್ಪ ಐತಿ ಅನಸ್ತೈತ್ರಿ. ನಂದ ಎಲ್ಲೋ ತಪ್ಪಿರಬೇಕಂತ ಹತ್ತ ಸಲ ನೋಡಿದೆ. ಇಲ್ಲ."

"ಹತ್ತ ಸಲ ನೋಡೀ ಅಂದಮ್ಯಾಲ ಇನ್ನೇನ? ಹೋಗಿ ಹೇಳು."

"ಅಷ್ಟ ದೊಡ್ಡ ದೊಡ್ಡ ಮಂದಿ ಓದ್ಯಾರ. ಅವರಿಗ್ಯಾರಿಗೂ ಕಾಣದ್ದು ನನಗ ಕಂಡೈತಿ ಅಂದ್ರ ನಗಂಗಿಲ್ಲೇನು?"

"ನಕ್ರ ನಗಲಿ. ಪ್ಲಾಂಟಿನ್ಯಾಗ ಗೇಜ್ ತಪ್ಪ ತೋರಸಾಕತ್ತಿದ್ರ, ಮ್ಯಾನೇಜರ್ ಏನ ಅಂದಾನು ಅಂತ ನಾ ಸುಮ್ನ ಕುಂದರ್ತೀನೇನು? ಯಲ್ಲಾ, ನಡಿ, ಏಳು. ನಾನ ಬಿಟ್ಟ ಬರ್ತೀನಿ."

ತಮ್ಮ ಕೋಣೆಯಲ್ಲಿ ಕಿರ್ಸ್ಟೆನ್ ಚಿತ್ರ ನೋಡಿ ಮೊದಲು ಅಲ್ಲವೆಂಬಂತೆ ತಲೆಯಾಡಿಸಿದರು. "ಇದು ಮುಂದಿನ ಪುಟದಲ್ಲಿ ಸರಿಹೋಗುತ್ತದೆ" ಎಂದು ಹಾಳೆ ತಿರುವಿದರು. ಸರಿಹೋಗಲಿಲ್ಲ. ಮತ್ತೊಂದು ಪುಟ ತಿರುವಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಾಳೆ ಬಾ" ಎಂದರು.

ಮರುದಿನ ನೀಲಗಂಗಾ ಕೋಣೆಗೆ ಕಾಲಿಡುತ್ತಲೇ ಆಕೆ ಎದ್ದು ನಿಂತರು. "ನೀನು ಹೇಳಿದ್ದು ಸರಿ. ನಲವತ್ತು ವರ್ಷ ಇದು ಯಾರ ಕಣ್ಣಿಗೂ ಬಿದ್ದಿಲ್ಲ. ನನ್ನ ಕಣ್ಣಿಗೂ."

ನೀಲಗಂಗಾ ಬಾಗಿಲಲ್ಲೇ ನಿಂತಳು. "ಕ್ಷಮಿಸಿ, ಪ್ರೊಫೆಸರ್."

"ಯಾವುದಕ್ಕೆ? ಕೂತುಕೋ. ನಮಗೆ ಕೆಲಸವಿದೆ."

ತೊಡಕು ಬೇರೆಯೇ ಇತ್ತು. ಇನ್ನು ಹತ್ತು ದಿನಕ್ಕೆ, ಆ ಪ್ರಮೇಯಕ್ಕೆ ನಲವತ್ತು ವರ್ಷ ತುಂಬಿದ ನೆಪದಲ್ಲಿ ವಿಭಾಗದವರೇ ಒಂದು ಸಮ್ಮೇಳನ ಇಟ್ಟುಕೊಂಡಿದ್ದರು. ಎಂಟು ದೇಶಗಳಿಂದ ಗಣಿತಜ್ಞರು ಬರುವವರಿದ್ದರು. ಸುದ್ದಿ ಕೇಳಿ ವಿಭಾಗದ ಮುಖ್ಯಸ್ಥರು ಗಾಬರಿಯಾದರು. "ಸಮ್ಮೇಳನ ಮುಗಿಯಲಿ. ಆಮೇಲೆ ಸದ್ದಿಲ್ಲದೆ ಸರಿಪಡಿಸಿ ಪ್ರಕಟಿಸಿಬಿಡಿ."

"ಸಾಧನೆಯಲ್ಲಿ ತಪ್ಪಿದೆಯೆಂದು ಗೊತ್ತಿದ್ದೂ ಒಂದು ಗಂಟೆ ಭಾಷಣ ಮಾಡಲೇ?" ಎಂದು ಕಿರ್ಸ್ಟೆನ್ ಕೇಳಿದರು. "ಅಷ್ಟು ಹೊತ್ತು ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ."

ಸಮ್ಮೇಳನದ ದಿನ ಆಕೆ ವೇದಿಕೆ ಹತ್ತಿ, ಪೀಠಿಕೆಯಿಲ್ಲದೆ ನೇರ ವಿಷಯಕ್ಕೆ ಬಂದರು. ತಮ್ಮ ಪ್ರಬಂಧದ ಐದನೆಯ ಪುಟದ ಮೂರನೆಯ ಸಾಲು ತಪ್ಪು, ಅದನ್ನು ಕಂಡುಹಿಡಿದವರು ನೀಲಗಂಗಾ ಹಿರೇಮಠ ಎಂದರು. ಮುಂದಿನ ಸಾಲಿನಲ್ಲಿದ್ದ ಹಳೆಯ ಸಹೋದ್ಯೋಗಿಯೊಬ್ಬರು ಎದ್ದರು.

"ಹಾಗಾದರೆ ಪ್ರಮೇಯವೇ ಸುಳ್ಳೇ?"

"ಗೊತ್ತಿಲ್ಲ. ಇವತ್ತಿನ ಮಟ್ಟಿಗೆ ಅದು ನನ್ನ ಊಹೆ, ಅಷ್ಟೇ. ಚಿತ್ರವನ್ನು ಆಕೆಯೇ ಬರೆದು ತೋರಿಸುತ್ತಾಳೆ."

ನೀಲಗಂಗಾ ಮೆಟ್ಟಿಲು ಹತ್ತಿ ಬೋರ್ಡಿನ ಮುಂದೆ ನಿಂತಳು. ಹದಿನಾಲ್ಕು ಚುಕ್ಕೆ ಇಟ್ಟಳು, ಗೆರೆ ಎಳೆದಳು, ದಾರಿಗಳು ಎಲ್ಲಿ ಕೂಡುತ್ತವೆಂದು ಬೆರಳಿಟ್ಟು ತೋರಿಸಿದಳು. ಮೂರು ಪ್ರಶ್ನೆ ಬಂದವು. ಮೂರಕ್ಕೂ ಉತ್ತರ ಕೊಟ್ಟಳು. ಪ್ರಶ್ನೆ ಕೇಳಿದ ಆ ಹಿರಿಯರೇ ಮೊದಲು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಕಲ್ಮೇಶನಿಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಕೈ ಕೆಂಪಾಗುವಷ್ಟು ಹೊತ್ತು ತಟ್ಟಿದ.

ಆಮೇಲೆ ನಾಲ್ಕು ತಿಂಗಳು ಇಬ್ಬರೂ ಕೂತು ದುಡಿದರು. ಕೆಲವು ಶನಿವಾರ ಕಿರ್ಸ್ಟೆನ್ ಫ್ಲ್ಯಾಟಿಗೇ ಬಂದು, ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತ ವಾದಿಸುತ್ತಿದ್ದರು. ಮೂರು ಉಪಾಯಗಳು ಕೈಕೊಟ್ಟವು. ನಾಲ್ಕನೆಯದು ನೀಲಗಂಗಾಳದು.

"ದಾರಿ ಕೂಡುವುದನ್ನು ಯಾಕೆ ತಡೆಯಬೇಕು? ಕೂಡಲಿ. ಕೂಡಿದ ಚುಕ್ಕೆಯಲ್ಲಿ ಒಂದರ ಬಾಲವನ್ನು ಇನ್ನೊಂದಕ್ಕೆ ಜೋಡಿಸಿದರೆ?"

ಕಿರ್ಸ್ಟೆನ್ ಕೈಯಲ್ಲಿದ್ದ ರೊಟ್ಟಿ ಅಲ್ಲೇ ಬಿಟ್ಟು ಪೆನ್ನು ಹಿಡಿದರು. ಸಂಜೆಯ ಹೊತ್ತಿಗೆ ಪ್ರಮೇಯ ಮತ್ತೆ ನಿಂತಿತ್ತು, ಮೊದಲಿಗಿಂತ ಗಟ್ಟಿಯಾಗಿ, ಆರು ಪುಟ ಚಿಕ್ಕದಾಗಿ.

ಹೊಸ ಪ್ರಬಂಧದಲ್ಲಿ ಮೊದಲ ಹೆಸರು ಹಿರೇಮಠ, ಎರಡನೆಯದು ಲುಂಡ್. ನೀಲಗಂಗಾ ಒಪ್ಪಲಿಲ್ಲ.

"ಗಣಿತದಲ್ಲಿ ಹೆಸರುಗಳು ಅಕ್ಷರಕ್ರಮದಲ್ಲಿ ಬರುತ್ತವೆ. ಇಂಗ್ಲಿಷಿನ ಅಕ್ಷರಮಾಲೆ ನಾನು ಮಾಡಿದ್ದಲ್ಲ" ಎಂದರು ಕಿರ್ಸ್ಟೆನ್. ಅದೇ ವಾರ ಆಕೆ ದೋಹಾದ ಕೆಲಸದ ಗುತ್ತಿಗೆಯನ್ನು ಇನ್ನೂ ಮೂರು ವರ್ಷಕ್ಕೆ ಮುಂದುವರಿಸಿಕೊಂಡರು. ನೀಲಗಂಗಾ ಪಿಎಚ್.ಡಿ. ಅರ್ಜಿಗೆ ಸಹಿ ಹಾಕಿ, ಹಗಲು ವಿಶ್ವವಿದ್ಯಾಲಯಕ್ಕೆ ಹೋಗಲು ಟ್ಯೂಷನ್ನಿನ ಹೊತ್ತನ್ನು ಸಂಜೆ ಐದಕ್ಕೆ ಬದಲಾಯಿಸಿದಳು.