ಅಕ್ಕಚ್ಚಿನ ಬಾಲ್ದಿ

ಕೈ ಬಾಯಿಯವರೆಗೆ ಬಂದಾಗಿತ್ತು. ಮೂಕಾಂಬಿಕಾ ಅದನ್ನು ಅಲ್ಲೇ ನಿಲ್ಲಿಸಿದಳು.

ಬೆರಳುಗಳ ನಡುವೆ ಅರ್ಧ ದೋಸೆ. ಅದರ ಅಂಚಿನಲ್ಲಿ ಮಗಳು ಚಿನ್ಮಯೀ ಕಚ್ಚಿಬಿಟ್ಟ ಗುರುತು, ಒಣಗುತ್ತಿದ್ದ ಚಟ್ನಿ. ಅದನ್ನು ತಟ್ಟೆಯಿಂದ ಎತ್ತಿದ್ದು ಯಾವಾಗ ಎಂದು ಅವಳಿಗೆ ನೆನಪಿರಲಿಲ್ಲ. ತಟ್ಟೆ ಆಗಲೇ ಸಿಂಕಿನಲ್ಲಿತ್ತು. ಅಂದರೆ ಎಡಗೈ ತಟ್ಟೆಯನ್ನು ಇಟ್ಟಿದೆ, ಬಲಗೈ ದೋಸೆಯನ್ನು ಎತ್ತಿದೆ. ಎರಡೂ ಅವಳನ್ನು ಕೇಳಿಲ್ಲ.

ಹಸಿವಿರಲಿಲ್ಲ. ಹಸಿವು ಹೇಗಿರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಸಿಂಕಿನ ಕೆಳಗೆ ಇಟ್ಟಿದ್ದ ಬಾಲ್ದಿಗೆ ದೋಸೆಯನ್ನು ಹಾಕಿದಳು. ಅದು ಬಿದ್ದ ಸದ್ದು ಎಣಿಸಿದ್ದಕ್ಕಿಂತ ಜೋರಾಗಿತ್ತು. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಆ ಬಾಲ್ದಿ ಎಂತಕ್ಕೆ ಒಳಗೆ ತಂದದ್ದು?"

"ಇರಲಿ ಅಂತ."

"ಶ್ಯಾಮ ದನ ತರ್ತಾನಂತಾ?" ಅತ್ತೆ ಮಗನ ಹೆಸರೆತ್ತಿದರು.

"ಇಲ್ಲ."

"ಮತ್ತೆ ಅಕ್ಕಚ್ಚು ಯಾರಿಗೆ?"

ಮೂಕಾಂಬಿಕಾ ನಲ್ಲಿಯನ್ನು ದೊಡ್ಡದಾಗಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಕೆಲವು ಪ್ರಶ್ನೆಗಳು ಕೇಳಿಸುವುದಿಲ್ಲ. ಇಪ್ಪತ್ತು ವರ್ಷಗಳ ಸಂಸಾರದಲ್ಲಿ ಅವಳು ಕಲಿತ ಉಪಾಯಗಳಲ್ಲಿ ಅದೂ ಒಂದು.

ಅಕ್ಕಿ ತೊಳೆದ ನೀರು, ತರಕಾರಿಯ ಸಿಪ್ಪೆ, ತಟ್ಟೆಯಲ್ಲಿ ಉಳಿದ ಅನ್ನ, ಪಾತ್ರೆಯ ತಳದ ಸಾರು. ಎಲ್ಲ ಸೇರಿದರೆ ಅಕ್ಕಚ್ಚು. ಕುಂಬ್ರದ ಈ ಮನೆಯಲ್ಲಿ ದಿನಕ್ಕೆರಡು ಸಲ ಅದನ್ನು ಹಟ್ಟಿಯಲ್ಲಿ ಕಟ್ಟಿದ್ದ ದನ ತುಂಗೆಯ ಮುಂದೆ ಇಡುವುದಿತ್ತು. ಬಾಲ್ದಿಯ ಹಿಡಿ ಕಿರುಗುಟ್ಟಿದರೆ ಸಾಕು, ತುಂಗೆ ಹಗ್ಗ ಜಗ್ಗುತ್ತಿದ್ದಳು. ಹಗ್ಗ ಹಿಡಿದವರೂ ಅವಳ ಹಿಂದೆ ನಾಲ್ಕು ಹೆಜ್ಜೆ ಓಡಬೇಕು. ನಾಲ್ಕು ವರ್ಷಗಳ ಹಿಂದೆ ತುಂಗೆಯನ್ನು ಕೊಟ್ಟರು. ಹಟ್ಟಿಗೆ ಷಟರ್ ಬಂತು, ಒಳಗೆ ಕಾರು ಬಂತು. ಬಾಲ್ದಿ ಮೂಲೆಯಲ್ಲಿ ಕಾರು ಒರೆಸುವ ಬಟ್ಟೆಗಳನ್ನು ತುಂಬಿಕೊಂಡು ಕುಳಿತಿತ್ತು. ಈ ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಅವಳು ಅದನ್ನು ತಿಕ್ಕಿ ಒಳಗೆ ತಂದಿದ್ದಳು.

ಅದಕ್ಕೆ ಕಾರಣ ಒಂದು ನೋಟ್‌ಬುಕ್ಕು.

ಸಕ್ಕರೆ ಅಂಚಿಗೆ ಬಂದಿದೆ, ಮೊಣಕಾಲು ಸವೆಯುತ್ತಿದೆ, ತೂಕ ಇಳಿಸಲೇಬೇಕು ಎಂದು ಡಾಕ್ಟರು ಅವಳನ್ನು ಪುತ್ತೂರಿನಲ್ಲಿ ಆಹಾರದ ಸಲಹೆ ಕೊಡುವ ಹುಡುಗಿಯ ಹತ್ತಿರ ಕಳಿಸಿದ್ದರು. ಹುಡುಗಿಯ ಹೆಸರು ಪ್ರಣೀತಾ. ಮೂಕಾಂಬಿಕಾಳ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಬಾಯಿಗೆ ಹೋದದ್ದನ್ನೆಲ್ಲ ಒಂದು ವಾರ ಬರೆದು ತನ್ನಿ ಎಂದಿದ್ದಳು. ಮೂಕಾಂಬಿಕಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು; ದಾಖಲೆ ಇಡುವುದರಲ್ಲಿ ತಪ್ಪು ಮಾಡುವವಳಲ್ಲ. ಬರೆದುಕೊಂಡು ಹೋದಳು. ಕಳೆದ ಶನಿವಾರ ಪ್ರಣೀತಾ ಅದನ್ನು ಗಟ್ಟಿಯಾಗಿ ಓದಿದಳು.

"ಏಳೂಮುಕ್ಕಾಲು. ದೋಸೆ ಅರ್ಧ, ಚಿನ್ಮಯೀ ಬಿಟ್ಟದ್ದು. ಎಂಟು. ಉಪ್ಪಿಟ್ಟು ನಾಲ್ಕು ಚಮಚ, ಅವರು ಬಿಟ್ಟದ್ದು. ಎಂಟೂಕಾಲು. ಬಾಣಲೆಗೆ ಅಂಟಿದ್ದು. ಮೇಡಂ, ಇದರಲ್ಲಿ ಊಟ ಎಲ್ಲಿ ಉಂಟು?"

"ಅದೇ ಊಟ."

"ಇದು ಬೇರೆಯವರು ಬಿಟ್ಟದ್ದರ ಲಿಸ್ಟ್ ಅಲ್ವಾ? ನೀವು ಕೂತು ಉಂಡದ್ದು ಯಾವಾಗ?"

ಮೂಕಾಂಬಿಕಾ ಯೋಚಿಸಿದಳು. "ಸೋಮವಾರ ಕೂತಿದ್ದೆ."

"ಊಟಕ್ಕಾ?"

"ಫೋನ್ ಬಂದಿತ್ತು."

ಪ್ರಣೀತಾ ನಗಲಿಲ್ಲ. ತೂಕ ಏರಲು ಶುರುವಾದದ್ದು ಯಾವಾಗ, ಆಗ ಏನಾದರೂ ಆಗಿತ್ತಾ, ಆಪರೇಷನ್, ಮನಸ್ಸಿಗೆ ಬೇಸರ, ಅಂಥದ್ದು, ಎಂದು ಕೇಳಿದಳು.

"ನಾಲ್ಕು ವರ್ಷ ಆಯ್ತು. ಅರವತ್ತೆಂಟು ಇದ್ದದ್ದು ಎಂಬತ್ತೆರಡು. ಆಗ ಎಂತದೂ ಆಗ್ಲಿಲ್ಲ. ದನ ಕೊಟ್ಟೆವು, ಅಷ್ಟೆ."

ಹೇಳಿದ ಮೇಲೆ ಅವಳಿಗೆ ನಗು ಬಂತು. ಪ್ರಣೀತಾಳೂ ನಕ್ಕಳು. ಆ ನಗು ಬಸ್ಸಿನಲ್ಲಿಯೂ ಇತ್ತು. ದಾರಿಯ ದರ್ಬೆ ದಾಟುವಾಗ ನಿಂತಿತು. ಎಷ್ಟೋ ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತ ಬಂದಿದ್ದಳು: ದ್ರವ್ಯ ಎಲ್ಲಿಯೂ ಹೋಗುವುದಿಲ್ಲ. ಸುಟ್ಟರೂ ಹೋಗುವುದಿಲ್ಲ, ಕರಗಿಸಿದರೂ ಹೋಗುವುದಿಲ್ಲ. ಹಟ್ಟಿಗೆ ಹೋಗದೆ ನಿಂತದ್ದು ಎಲ್ಲಿಗೆ ಹೋಯಿತು ಎಂದು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ಪ್ರಣೀತಾ ಕೊಟ್ಟ ಚೀಟಿಯಲ್ಲಿ ದೊಡ್ಡ ವಿದ್ಯೆ ಏನೂ ಇರಲಿಲ್ಲ. ಒಂದು ತಟ್ಟೆ, ನಿಮ್ಮದೇ. ಅರ್ಧ ತರಕಾರಿ, ಕಾಲು ಭಾಗ ಬೇಳೆಕಾಳು, ಕಾಲು ಭಾಗ ಅನ್ನ. ಕೂತು ತಿನ್ನಬೇಕು. ದಿನಾ ನಡೆಯಬೇಕು. ಬೇರೆಯವರ ತಟ್ಟೆ ಮುಟ್ಟಬಾರದು.

ತಟ್ಟೆಯಿಂದಲೇ ತೊಡಕು ಶುರುವಾಯಿತು. ಮನೆಯಲ್ಲಿ ಅವಳ ತಟ್ಟೆ ಎಂಬುದು ಇರಲಿಲ್ಲ. ಶ್ಯಾಮನ ತಟ್ಟೆಯಲ್ಲಿ ಅವನ ಉಪನಯನದ ತಾರೀಕು ಕೆತ್ತಿತ್ತು. ಚಿನ್ಮಯೀಯದು ನಾಮಕರಣಕ್ಕೆ ಬಂದದ್ದು. ಅತ್ತೆಯದು ಅವರ ತವರಿನದು. ಉಳಿದವು ನೆಂಟರಿಗೆಂದು ಕಪಾಟಿನಲ್ಲಿದ್ದವು. ಅವಳು ಅನ್ನದ ಪಾತ್ರೆಯ ಮುಚ್ಚಳವನ್ನು ಮಗುಚಿ, ನಿಂತುಕೊಂಡೇ ತಿಂದು, ಕೂಡಲೇ ತೊಳೆದು ಮತ್ತೆ ಪಾತ್ರೆಗೆ ಮುಚ್ಚುತ್ತಿದ್ದಳು.

ಪುತ್ತೂರಿನ ಬಸ್‌ಸ್ಟ್ಯಾಂಡಿನಿಂದ ಕಾಲೇಜಿಗೆ ಇವತ್ತು ಆಟೋ ಹತ್ತಲಿಲ್ಲ. ಏರಿನಲ್ಲಿ ಎರಡು ಸಲ ನಿಂತಳು. ಅವಳ ವಿದ್ಯಾರ್ಥಿಗಳು ಪಕ್ಕದಲ್ಲೇ ಹಾದುಹೋಗುತ್ತ "ಗುಡ್ ಮಾರ್ನಿಂಗ್ ಮೇಡಂ" ಎಂದರು. ಉಸಿರಿಲ್ಲದೆ ಕೈಯೆತ್ತಿದಳು. ಅವರು ಅದನ್ನು ಗಾಂಭೀರ್ಯ ಎಂದು ತಿಳಿದಿರಬೇಕು.

ಹನ್ನೆರಡೂವರೆಗೆ, ದಿನದ ಎರಡನೇ ತರಗತಿಯ ಕೊನೆಯಲ್ಲಿ, ಹೊಟ್ಟೆಯೊಳಗೆ ಏನೋ ಸಣ್ಣಗೆ ಹಿಂಡಿದಂತಾಯಿತು. ಅವಳು ಸೀಮೆಸುಣ್ಣ ಹಿಡಿದು ನಿಂತಳು. ಹಸಿವು. ಬಹಳ ಹಿಂದೆ ಪರಿಚಯವಿದ್ದ ಯಾರೋ ರಸ್ತೆಯ ಆಚೆಯಿಂದ ಗುರುತು ಹಿಡಿದು ತಲೆಯಾಡಿಸಿದ ಹಾಗೆ.

ಸ್ಟಾಫ್‌ರೂಮಿನ ಮೇಜಿನ ಮೇಲೆ ಲಡ್ಡಿನ ಡಬ್ಬವಿತ್ತು. ಯಾರದೋ ಮಗಳ ನಿಶ್ಚಿತಾರ್ಥದ್ದು. ತಳದಲ್ಲಿ ಒಂದೇ ಒಂದು ಲಡ್ಡು, ಸುತ್ತ ಪುಡಿ. ಡಬ್ಬ ಕೈಯಿಂದ ಕೈಗೆ ಜಾರುತ್ತ ಅವಳ ಮುಂದೆ ಬಂದು ನಿಂತಿತು. ಯಾವಾಗಲೂ ಅಲ್ಲಿಯೇ ನಿಲ್ಲುವುದು.

"ಕೊನೆಯದ್ದು ಮೂಕಾಂಬಿಕಾ ಮೇಡಮಿಗೆ," ಎಂದರು ಫಿಸಿಕ್ಸಿನವರು.

"ಬೇಡ."

"ಬೇಡವಾ? ಮತ್ತೆ ಡಬ್ಬ ಖಾಲಿ ಮಾಡುದು ಯಾರು?"

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ಹತ್ತು ವರ್ಷದ ಬಳಕೆಯ ನಗು.

"ಡಯಟಾ ಮೇಡಂ?" ಎಂದಳು ಪಕ್ಕದ ಕುರ್ಚಿಯ ಶಹನಾ. ಇಂಗ್ಲಿಷ್ ಕಲಿಸುವವಳು, ಇಲ್ಲಿ ಅವಳಿಗಿದ್ದ ಒಬ್ಬಳೇ ಗೆಳತಿ.

"ಇಲ್ಲ. ಬೇಡ, ಅಷ್ಟೆ."

"ಸಪೂರ ಆಗಿ ಇನ್ನು ಎಂತ ಮಾಡ್ಲಿಕ್ಕುಂಟು ನಮಗೆ? ಹೀಗೇ ಚಂದ ಉಂಟಲ್ಲ," ಎಂದರು ಫಿಸಿಕ್ಸಿನವರು.

"ನನಗೆ ಮೆಟ್ಟಿಲು ಹತ್ಲಿಕ್ಕುಂಟು," ಎಂದಳು ಮೂಕಾಂಬಿಕಾ. "ಚಂದ ನೀವೇ ಇಟ್ಕೊಳ್ಳಿ."

ಶಹನಾ ಡಬ್ಬದೊಳಗೆ ಬಗ್ಗಿ ನೋಡಿದಳು. "ಪಾಪ ಲಡ್ಡು. ಮೇಡಂ ಬದಲಾದದ್ದು ಅದಕ್ಕೆ ಗೊತ್ತಿಲ್ಲ."

ಮೂಕಾಂಬಿಕಾ ತನ್ನ ಬುತ್ತಿ ಬಿಚ್ಚಿದಳು. ಎರಡು ಚಪಾತಿ, ಹೆಸರುಕಾಳಿನ ಪಲ್ಯ, ಹೆಚ್ಚಿದ ಮುಳ್ಳುಸೌತೆ. ತನಗಾಗಿ ಮಾಡಿದ್ದು. ಜಗಿಯುವಾಗ ಯಾರದೋ ಮನೆಯಲ್ಲಿ ಕುಳಿತಂತಾಯಿತು. ಇನ್ನೂ ಸ್ವಲ್ಪ ಹಾಕಲಾ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವಳು ಅವಳೇ ಆಗಿದ್ದಳು. ಸಾಕು ಎಂದುಕೊಂಡಳು. ಆ ಪದ ಒಳಗೆ ಎಲ್ಲಿಗೂ ತಾಗದೆ ಕೆಳಗಿಳಿಯಿತು.

ಸಂಜೆ ಕುಂಬ್ರದಲ್ಲಿ ಇಳಿದು ಅದ್ರಾಮನ ಪಾತ್ರೆ ಅಂಗಡಿಗೆ ಹೋದಳು.

"ತಟ್ಟೆ ಎಷ್ಟು ಬೇಕು ಮೇಡಂ?"

"ಒಂದು."

"ಒಂದಾ!" ಅವನು ಒಂದು ಡಜನಿನ ಕಟ್ಟನ್ನು ಆಗಲೇ ಕೆಳಗಿಳಿಸಿದ್ದ. "ಹೆಸರು ಹಾಕ್ಬೇಕಾ?"

"ಹಾಕಿ."

ಅವನು ಕೆತ್ತುವ ಯಂತ್ರದ ಸ್ವಿಚ್ ಒತ್ತಿ, ಮತ್ತೆ ಆರಿಸಿದ. "ಯಾವ ಕಾರ್ಯಕ್ರಮ ಅಂತ ಬರೀಲಿ?"

"ಕಾರ್ಯಕ್ರಮ ಇಲ್ಲ."

"ಮದುವೆಯೋ ಮನೆ ಒಕ್ಕಲೋ ಎಂತಾದ್ರೂ ಒಂದು ಇರ್ತದಲ್ಲ ಮಾರಾಯ್ರೆ." ಸ್ವರ ತಗ್ಗಿಸಿದ. "ನೆನಪಿಗೆ ಕೊಡುದಾ? ತೀರಿಹೋದವರಾ?"

"ಇಲ್ಲ. ಬದುಕಿದ್ದಾರೆ. ಮೂಕಾಂಬಿಕಾ ಅಂತ ಬರೀರಿ."

"ಅವರು ನಿಮಗೆ ಎಂತ ಆಗ್ಬೇಕು?"

"ನಾನೇ."

ಅದ್ರಾಮ ತಲೆಯೆತ್ತಿ ನೋಡಿದ. ಮತ್ತೆ ಸ್ವಿಚ್ ಒತ್ತಿದ. ಯಂತ್ರ ಕಣಜದ ಹುಳದ ಹಾಗೆ ಗುಂಯ್‌ಗುಟ್ಟಿತು. ಅಕ್ಷರಗಳು ಒಂದೊಂದಾಗಿ ಮೂಡುವುದನ್ನು, ತನಗೆ ಸಂಬಂಧಪಡದ್ದನ್ನು ನೋಡುವಂತೆ, ಅವಳು ನೋಡುತ್ತ ನಿಂತಳು.

ಮನೆಯಲ್ಲಿ ಅಡುಗೆಕಟ್ಟೆಯ ಮೇಲೆ ಮೂರು ಬಟ್ಟಲುಗಳು ಮುಚ್ಚಿಕೊಂಡು ಕಾಯುತ್ತಿದ್ದವು. ಮಧ್ಯಾಹ್ನದ ಅನ್ನ, ಶ್ಯಾಮ ಬಿಟ್ಟ ಪಲ್ಯ, ಚಿನ್ಮಯೀ ಬುತ್ತಿಯಲ್ಲಿ ಬಿಟ್ಟ ಮೊಸರನ್ನ. ಬಾಲ್ದಿಯಲ್ಲಿ ಬೆಳಗಿನ ಅರ್ಧ ದೋಸೆ ಮಾತ್ರ ಇತ್ತು.

"ನಿನಗೇಂತ ಇಟ್ಟದ್ದು," ಎಂದರು ಅತ್ತೆ.

"ನನಗೆ ಬೇಡ ಅತ್ತೆ."

"ಹಾಳಾಗ್ತದೆ."

"ಆಗಲಿ."

ಆ ಅಡುಗೆಮನೆಯಲ್ಲಿ ಆ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಅತ್ತೆ ಕಟ್ಟೆಯನ್ನು ಹಿಡಿದುಕೊಂಡರು.

"ಅನ್ನ ಹಾಳು ಮಾಡಿದವರು ಮುಂದಿನ ಜನ್ಮದಲ್ಲಿ ಹಸಿದು ಸಾಯುದು ಮೂಕಾಂಬೆ."

"ಈ ಜನ್ಮದಲ್ಲಿ ಹಸಿವೇ ಇಲ್ಲ. ಅಲ್ಲಾದ್ರೂ ಸ್ವಲ್ಪ ಸಿಗಲಿ."

"ನಾವೆಲ್ಲ ಹೀಗೇ ತಿಂದದ್ದು. ನಮಗೆ ಎಂತದೂ ಆಗ್ಲಿಲ್ಲ."

ಅತ್ತೆಯ ಕೈಯ ಹತ್ತಿರ ಅವರ ಸಕ್ಕರೆ ಮಾತ್ರೆಯ ಡಬ್ಬಿ ಇತ್ತು. ಮೂಕಾಂಬಿಕಾ ಅದನ್ನು ನೋಡಿದಳು, ಅತ್ತೆಯೂ ನೋಡಿದರು.

"ನಾಳೆಯಿಂದ ಒಂದು ಪಾವು ಅಕ್ಕಿ ಕಡಿಮೆ ಹಾಕುವ," ಎಂದಳು, ಮೆತ್ತಗೆ.

"ಯಾರಾದ್ರೂ ಬಂದ್ರೆ?"

"ಯಾರು ಬರ್ತಾರೆ ಅತ್ತೆ?"

ಮೂರು ಬಟ್ಟಲುಗಳನ್ನೂ ಒಂದೊಂದಾಗಿ ಬಾಲ್ದಿಗೆ ಮಗುಚಿದಳು. ಮೊಸರನ್ನದ ಬಟ್ಟಲಿಗೆ ಬಂದಾಗ ಕೈ ತಡೆಯಿತು. ಮಗುಚಿದಳು.

ಎಂಟು ಗಂಟೆಗೆ ಎಲ್ಲರ ಜೊತೆ ಮೇಜಿಗೆ ಕುಳಿತಳು. ಹೊಸ ತಟ್ಟೆಯಲ್ಲಿ ಬೀನ್ಸ್ ಪಲ್ಯ, ತೊವ್ವೆ, ಒಂದು ಸೌಟು ಅನ್ನ. ತನ್ನ ಪಂಪ್‌ಸೆಟ್ ಅಂಗಡಿಯಿಂದ ಬಂದು ಸ್ನಾನ ಮುಗಿಸಿದ್ದ ಶ್ಯಾಮ ಅವಳ ತಟ್ಟೆಯಲ್ಲಿ ಪಲ್ಯದ ಬದಿಗೆ ಕಂಡ ಅಕ್ಷರಗಳನ್ನು ಓದಿದ.

"ಇದು ಯಾರು ಕೊಟ್ಟದ್ದು?"

"ಯಾರೂ ಇಲ್ಲ."

ಅವನು ಸ್ವಲ್ಪ ಹೊತ್ತು ಉಂಡ. ಆಮೇಲೆ, "ಸಾರು," ಎಂದ.

"ಎದುರಿಗೆ ಉಂಟು."

ಶ್ಯಾಮ ಸೌಟನ್ನು ನೋಡಿದ, ಯಾರೋ ಹೊಸಬರನ್ನು ಪರಿಚಯ ಮಾಡಿಸಿದ ಹಾಗೆ.

"ಎಂತ, ಕೋಪವಾ ಇವತ್ತು?"

"ಅಲ್ಲ. ಊಟ."

ಚಿನ್ಮಯೀ ಕಿಸಕ್ಕನೆ ನಕ್ಕಳು. ಹತ್ತನೇ ಕ್ಲಾಸಿನ ಹುಡುಗಿ. ಅವಳಿಗೆ ಇದೆಲ್ಲ ತಮಾಷೆ.

"ತೂಕ ಇಳಿಸ್ಲಿಕ್ಕೆ ಇಷ್ಟೆಲ್ಲ ನಾಟಕ ಬೇಕಾ ಮಾರಾಯ್ತಿ? ಬೆಳಿಗ್ಗೆ ಒಂದು ರೌಂಡ್ ವಾಕಿಂಗ್ ಹೋದ್ರೆ ಆಗ್ಲಿಲ್ವಾ?"

"ವಾಕಿಂಗೂ ಹೋಗ್ತೇನೆ. ನಿಮ್ಮ ತಟ್ಟೆ ನೀವು ಖಾಲಿ ಮಾಡಿ."

ಅವನು ಖಾಲಿ ಮಾಡಲಿಲ್ಲ. ಅರ್ಧ ಚಪಾತಿ, ನಾಲ್ಕು ಬೀನ್ಸ್ ಬಿಟ್ಟು ಎದ್ದ. ಹಠದಿಂದಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬಿಡುವುದು ಅವನ ನಂಬಿಕೆ: ಉಳಿದದ್ದಕ್ಕೆ ಹಿಂದೆ ಯಾರೋ ಇದ್ದಾರೆ ಎಂಬ ನಂಬಿಕೆ.

ಅನ್ನ ಬಿಸಿಯಾಗಿತ್ತು. ಅವಳು ನಿಧಾನವಾಗಿ ಉಂಡಳು. ತಟ್ಟೆ ಖಾಲಿಯಾಗಿ ಅವಳ ಹೆಸರು ಪೂರ್ತಿ ಕಾಣಿಸಿತು. ಏನೋ ಆಗುತ್ತದೆಂದು ಕಾದಳು. ಸಂತೋಷ, ಗೆಲುವು, ಅಂಥದ್ದೇನಾದರೂ. ಏನೂ ಆಗಲಿಲ್ಲ. ತೊಳೆದ ಸ್ಟೀಲಿನ ಹಾಗೆ ಒಳಗೆಲ್ಲ ಖಾಲಿ. ಈ ಖಾಲಿಯನ್ನು ತುಂಬಲು ನಾಲ್ಕು ವರ್ಷ ಎಷ್ಟೊಂದು ತಿಂದಿರಬೇಕು ಎಂದು ಹೊಳೆಯಿತು. ಇರಲಿ, ಎಂದುಕೊಂಡಳು. ಇದಾದರೂ ನನ್ನದು.

ತನ್ನ ತಟ್ಟೆಯನ್ನು ಮಾತ್ರ ತೊಳೆದಿಟ್ಟು ಅಂಗಳಕ್ಕೆ ಹೋದಳು. ಗೇಟಿನಿಂದ ಹಟ್ಟಿಯ ಷಟರಿನವರೆಗೆ ನಲವತ್ತು ಹೆಜ್ಜೆ. ಹತ್ತು ಸಲ ನಡೆದಳು. ಮೊಣಕಾಲು ನೋಯಿತು. ಇನ್ನೂ ಎರಡು ಸಲ ನಡೆದಳು.

ಹಿಂದಿರುಗಿದಾಗ ಅಡುಗೆಮನೆಯಲ್ಲಿ ಚಿನ್ಮಯೀ ಇದ್ದಳು. ಮೇಜು ಒರೆಸಿ ಆಗಿತ್ತು. ಯಾರೂ ಹೇಳದೆ, ತಾನಾಗಿ. ಮೂಕಾಂಬಿಕಾಳ ಎದೆ ತುಂಬಿತು. ಬಾಗಿಲಲ್ಲೇ ನಿಂತು ಮಗಳ ಬೆನ್ನನ್ನು, ಸಡಿಲವಾದ ಜಡೆಯನ್ನು ನೋಡಿದಳು. ಹುಡುಗಿ ಏನೋ ಗುನುಗುತ್ತಿದ್ದಳು.

"ಹಾಳು ಮಾಡ್ಬೇಡ ಚಿನ್ನು," ಎಂದರು ಅತ್ತೆ ಒಳಕೋಣೆಯಿಂದ.

ಚಿನ್ಮಯೀಯ ಎಡಗೈ ಅಪ್ಪನ ತಟ್ಟೆಯನ್ನು ಸಿಂಕಿನಲ್ಲಿಟ್ಟಿತು. ಬಲಗೈ ಅರ್ಧ ಚಪಾತಿಯನ್ನು ಎತ್ತಿತು. ಗುನುಗು ನಿಲ್ಲಲಿಲ್ಲ, ಬಾಯಿ ತುಂಬಿದ್ದರಿಂದ ಸ್ವಲ್ಪ ದಪ್ಪವಾಯಿತು, ಅಷ್ಟೆ.

"ಉಗುಳು."

ಮಗಳು ಬೆಚ್ಚಿ ತಿರುಗಿದಳು. "ಎಂತ ಅಮ್ಮ?"

ಮೂಕಾಂಬಿಕಾ ಅವಳ ಗಲ್ಲದ ಕೆಳಗೆ ಅಂಗೈ ಒಡ್ಡಿದ್ದಳು. ಅಂಬೆಗಾಲಿನ ಮಗು ಕಲ್ಲು ಬಾಯಿಗೆ ಹಾಕಿಕೊಂಡಾಗ ಒಡ್ಡುತ್ತಿದ್ದ ಹಾಗೆ.

"ಉಗುಳು ಹೇಳಿದೆ."

"ಚಪಾತಿ ಅಮ್ಮ. ಅಪ್ಪ ಬಿಟ್ಟದ್ದು."

"ಗೊತ್ತುಂಟು. ಉಗುಳು ಮಗಳೇ."

ಚಿನ್ಮಯೀ ಉಗುಳಿದಳು. ಬಾಯಿ ಒರೆಸಿಕೊಂಡಳು. ಕಣ್ಣಲ್ಲಿ ನೀರಿತ್ತು. "ನಿನಗೆ ಎಂತಾಗಿದೆ?" ಎಂದು ಹೊರಗೆ ಓಡಿದಳು.

ಅಂಗೈಯಲ್ಲಿ ಬೆಚ್ಚಗಿನ ಮುದ್ದೆ. ಭಾರವೇ ಇರಲಿಲ್ಲ. ಬಾಲ್ದಿ ಎರಡು ಹೆಜ್ಜೆ ಆಚೆಗಿತ್ತು.

ಕೈ ಮೆಲ್ಲನೆ ಮೇಲೇಳತೊಡಗಿತು. ಬಾಲ್ದಿಯ ಕಡೆಗಲ್ಲ. ಹದಿನೈದು ವರ್ಷ ಮಗಳ ಬಾಯಿಯಿಂದ ಬಿದ್ದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೆ.

ಮೂಕಾಂಬಿಕಾ ಎಡಗೈಯಿಂದ ತನ್ನ ಬಲಮಣಿಕಟ್ಟನ್ನು ಹಿಡಿದಳು. ತುಂಗೆಯ ಹಗ್ಗವನ್ನು ಹಿಡಿದ ಹಾಗೆ, ಕಾಲೂರಿ, ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ.

"ಎಲ್ಲ ಖಾಲಿ ಆಯ್ತಾ?" ಎಂದು ಅತ್ತೆ ಒಳಗಿನಿಂದ ಕೇಳಿದರು.

ಅವಳು ನಲ್ಲಿ ತಿರುಗಿಸಲಿಲ್ಲ. ಕೈ ಜಗ್ಗುತ್ತಲೇ ಇತ್ತು. ಅವಳು ಬಿಡಲಿಲ್ಲ.